ಅಮಾನತ್ತು ಹೊತ್ತ ಯಾತ್ರಿಕ: ಬಾರ್ಕೂರಿನ ಬಂದರಿನಿಂದ ಪಾಸ್‌ಪೋರ್ಟಿನ ಕಾಲದವರೆಗೆ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರದ ಮುಸ್ಲಿಮ್ ಕುಟುಂಬಗಳಿಗೆ ಪರದೇಶ ಪ್ರಯಾಣವು ಹೊಸತಲ್ಲ. ಶಿರೂರು, ಗಂಗೊಳ್ಳಿ, ಕಂಡ್ಲೂರು, ಕೋಡಿಯಂತಹ ಊರುಗಳಲ್ಲಿ ದುಡಿಮೆಗಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದವರ ನಂಟಿಲ್ಲದ ಮನೆಗಳು ವಿರಳ. ಹಜ್ಜ್ ಮತ್ತು ಉಮ್ರಾ ಯಾತ್ರಿಕರನ್ನು ಬೀಳ್ಕೊಡದ ಜಮಾಅತ್‌ಗಳೂ ವಿರಳ. ಮನೆಯಿಂದ ಹೊರಡುವ ಗಳಿಗೆಯಲ್ಲಿ ಹಿರಿಯರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಪಾಸ್‌ಪೋರ್ಟ್ ಇಟ್ಟುಕೊಂಡೆಯಾ? ದುಡ್ಡು ಎಲ್ಲಿಟ್ಟಿರುವೆ? ಈ ಪ್ರಶ್ನೆಯನ್ನು ನಾವು ಮನೆಮಾತೆಂದು ಹಗುರವಾಗಿ ಕೇಳಿ ಬಿಡುತ್ತೇವೆ. ಆದರೆ ಇದೇ ಕರಾವಳಿಯಲ್ಲಿ ಇದೇ ಪ್ರಶ್ನೆಗೆ ನೂರಾರು ವರ್ಷಗಳ ಇತಿಹಾಸವಿದೆ.

ಕನ್ನಡದಲ್ಲಿ ಅಮಾನತು ಎಂಬ ಪದವು ಇಂದು ಹೆಚ್ಚಾಗಿ ನೌಕರನೊಬ್ಬನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದನ್ನು ಸೂಚಿಸುತ್ತದೆ. ಆದರೆ ಅರಬಿಯಿಂದ ಬಂದ ಈ ಪದದ ಮೂಲಾರ್ಥ, ನಂಬಿಕೆಯಿಂದ ಒಬ್ಬರ ವಶಕ್ಕೆ ಒಪ್ಪಿಸಲಾದ ವಸ್ತು ಎಂದಾಗಿದೆ. ಠೇವಣಿ ಎಂಬ ಅರ್ಥದಲ್ಲಿ ಕನ್ನಡವೂ ಅದನ್ನು ಉಳಿಸಿಕೊಂಡಿದೆ. ಪರದೇಶಕ್ಕೆ ಹೊರಟವನ ಬಳಿಯಿರುವ ಹಣ, ಆಭರಣ, ಕಾಗದಪತ್ರಗಳೆಲ್ಲವೂ ಈ ಅರ್ಥದಲ್ಲಿ ಅಮಾನತ್ತುಗಳೇ ಆಗಿವೆ. ಅವುಗಳ ಹಿಂದೆ ತಾಯಿಯ ಬಳೆ ಅಡವಿಟ್ಟ ಸಾಲವಿರಬಹುದು, ತಂಗಿಯ ಮದುವೆಯ ಕನಸಿರಬಹುದು, ಮಕ್ಕಳ ಶಾಲೆಯ ಶುಲ್ಕವಿರಬಹುದು. ಆದ್ದರಿಂದ ಅವುಗಳನ್ನು ಕಾಪಾಡುವುದು ಜಾಣ್ಮೆ ಮಾತ್ರವಲ್ಲ, ಹೊಣೆಗಾರಿಕೆಯೂ ಹೌದು.

ಬಸ್ರೂರು ಮತ್ತು ಬಾರ್ಕೂರಿಗೆ ಬಂದ ಯಾತ್ರಿಕ

ಇಂದು ಕುಂದಾಪುರ ತಾಲೂಕಿನಲ್ಲಿರುವ ಬಸ್ರೂರು ಮತ್ತು ಬ್ರಹ್ಮಾವರ ತಾಲೂಕಿನಲ್ಲಿರುವ ಬಾರ್ಕೂರು ಹಿಂದೊಮ್ಮೆ ಅರಬರು, ಪರ್ಷಿಯನ್ನರು ಮತ್ತು ಗುಜರಾತಿನ ವರ್ತಕರು ಬಂದಿಳಿಯುತ್ತಿದ್ದ ಬಂದರುಗಳಾಗಿದ್ದವು. ಬಸ್ರೂರು ವಾರಾಹಿ ನದಿಯ ದಡದಲ್ಲಿದ್ದರೆ ಬಾರ್ಕೂರು ಸೀತಾನದಿಯ ದಡದಲ್ಲಿದೆ. ಸಮುದ್ರದ ಹಡಗು ಅಳಿವೆಗೆ ಬಂದು, ಸರಕು ಸಣ್ಣ ದೋಣಿಗಳಲ್ಲಿ ಒಳನಾಡಿಗೆ ಸಾಗುತ್ತಿದ್ದ ಕಾಲವದು.

1342ರಲ್ಲಿ ಮೊರೊಕ್ಕೊ ದೇಶದ ಟ್ಯಾಂಜಿಯರಿನವನಾದ ಇಬ್ನ್ ಬತೂತ ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟನು. ಆತನ ಹಡಗುಗಳು ಹೊನ್ನಾವರವನ್ನು ದಾಟಿ ನಮ್ಮ ಕರಾವಳಿಯ ಮುಂದೆ ಸಾಗಿದವು. ಆತನ ಪ್ರವಾಸ ಕಥನದಲ್ಲಿ ಬರುವ ಅಬೂ ಸರೂರ್ ಎಂಬುದು ಬಸ್ರೂರೆಂದೂ ಫಾಕನೂರ್ ಎಂಬುದು ಬಾರ್ಕೂರೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಬಸ್ರೂರನ್ನು ತೆಂಗಿನ ಮರಗಳಿಂದ ತುಂಬಿದ, ದೊಡ್ಡ ಅಳಿವೆಯ ಬಳಿಯ ಚಿಕ್ಕ ಊರೆಂದು ಆತ ವರ್ಣಿಸಿದನು. ಬಾರ್ಕೂರಿನ ಕಬ್ಬಿಗೆ ಆ ನಾಡಿನಲ್ಲೇ ಸಾಟಿಯಿಲ್ಲವೆಂದು ಬರೆದನು.

ಬಾರ್ಕೂರಿನ ವಿಷಯದಲ್ಲಿ ಆತ ದಾಖಲಿಸಿದ ಒಂದು ಸಂಗತಿ ನಮ್ಮ ವಿಷಯಕ್ಕೆ ತೀರಾ ಹತ್ತಿರವಾದುದು. ಅಲ್ಲಿನ ಅರಸನು ಹಿಂದೂ ಆಗಿದ್ದನು. ಆತನ ಹೆಸರನ್ನು ಬತೂತ ಬಾಸದೇವ್ ಎಂದು ಬರೆದಿದ್ದಾನೆ. ಹಡಗುಗಳು ಲಂಗರು ಹಾಕಿದೊಡನೆ ಅರಸನು ತನ್ನ ಸ್ವಂತ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನು. ಅತಿಥಿಗಳು ದಡಕ್ಕಿಳಿದು ಹೋಗಿ, ಮೂರು ರಾತ್ರಿ ಸತ್ಕಾರ ಪಡೆದು, ಸುರಕ್ಷಿತವಾಗಿ ಹಿಂದಿರುಗುವವರೆಗೆ ರಾಜಕುಮಾರನು ಹಡಗಿನಲ್ಲೇ ಇರಬೇಕಿತ್ತು. ಪಾಸ್‌ಪೋರ್ಟ್, ವೀಸಾಗಳಿಲ್ಲದ ಆ ಕಾಲದಲ್ಲಿ ಪರದೇಶದವನ ಜೀವ ಮತ್ತು ಸ್ವತ್ತಿಗೆ ಒಬ್ಬ ದೊರೆ ಕೊಡಬಹುದಾಗಿದ್ದ ಅತಿ ದೊಡ್ಡ ಖಾತರಿ ಇದಾಗಿತ್ತು.

ಆ ರಕ್ಷಣೆಗೆ ಬೆಲೆಯೂ ಇತ್ತು. ಊರಿನ ಮುಂದೆ ಹಾದುಹೋಗುವ ಪ್ರತಿಯೊಂದು ಹಡಗು ಅಲ್ಲಿ ನಿಂತು ಅರಸನಿಗೆ ಕಾಣಿಕೆ ಸಲ್ಲಿಸಬೇಕಾಗಿತ್ತು. ಇದನ್ನು ಬಂದರಿನ ಹಕ್ಕು ಎನ್ನುತ್ತಿದ್ದರು. ತಪ್ಪಿಸಿಕೊಂಡು ಹೋದ ಹಡಗನ್ನು ಬೆನ್ನಟ್ಟಿ ತಂದು, ಸುಂಕವನ್ನು ಇಮ್ಮಡಿಯಾಗಿ ವಸೂಲು ಮಾಡಿ, ತಮಗೆ ಇಷ್ಟವಾಗುವಷ್ಟು ಕಾಲ ತಡೆದು ನಿಲ್ಲಿಸುತ್ತಿದ್ದರು. ಈ ಅರಸನ ಸುಮಾರು 30 ಯುದ್ಧನೌಕೆಗಳಿಗೆ ಲೂಲಾ ಎಂಬ ಮುಸ್ಲಿಮನೊಬ್ಬ ಮುಖ್ಯಸ್ಥನಾಗಿದ್ದನು. ಆತ ಕಡಲ್ಗಳ್ಳನೆಂದೂ ವರ್ತಕರನ್ನು ಸುಲಿಯುವವನೆಂದೂ ಬತೂತ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಒತ್ತೆಯಾಗಿ ಮಗನನ್ನು ಕಳುಹಿಸಿದ ಹಿಂದೂ ಅರಸ, ವರ್ತಕರನ್ನು ದೋಚಿದ ಮುಸ್ಲಿಮ್ ನೌಕಾಧಿಪತಿ, ಇಬ್ಬರೂ ಒಂದೇ ಪುಟದಲ್ಲಿ ಸಿಗುತ್ತಾರೆ. ಹೆಸರು ನಮ್ಮವರದೆಂಬ ಒಂದೇ ಕಾರಣಕ್ಕೆ ಅಪರಿಚಿತನ ಕೈಗೆ ಚೀಲ ಒಪ್ಪಿಸುವವರು ಈ ಪುಟವನ್ನು ನೆನಪಿಡಬೇಕು.

ನೆಲದ ಮೇಲೆ ನೆಮ್ಮದಿ, ಕಡಲಿನಲ್ಲಿ ನಷ್ಟ

ಗೋವೆಯ ಕಡೆಯಿಂದ ಕೊಲ್ಲಂವರೆಗಿನ ಕರಾವಳಿಯ ಕಾಲುದಾರಿಯನ್ನು ಬತೂತ ಮನಸಾರೆ ಮೆಚ್ಚಿಕೊಂಡನು. ಮರಗಳ ನೆರಳು, ಸ್ವಲ್ಪ ದೂರಕ್ಕೊಂದರಂತೆ ಕುಳಿತುಕೊಳ್ಳುವ ಜಗಲಿಗಳುಳ್ಳ ಮರದ ಚಪ್ಪರ, ಬಾಯಾರಿದವರಿಗೆ ನೀರಿನ ಬಾವಿ, ರಾತ್ರಿ ತಂಗಲು ಅಲ್ಲಲ್ಲಿ ಮುಸ್ಲಿಮರ ಮನೆಗಳು. ವರ್ತಕರ ಸರಕನ್ನು ಕೂಲಿಯಾಳುಗಳು ಬೆನ್ನ ಮೇಲೆ ಹೊತ್ತು ಸಾಗಿಸುತ್ತಿದ್ದರು. ಇಷ್ಟು ನಿರ್ಭಯವಾದ ದಾರಿಯನ್ನು ತಾನೆಲ್ಲೂ ಕಂಡಿಲ್ಲವೆಂದೂ, ಮರದಿಂದ ಬಿದ್ದ ಹಣ್ಣನ್ನು ಕೂಡ ಒಡೆಯನಲ್ಲದೆ ಬೇರೆಯವರು ಎತ್ತಿಕೊಳ್ಳುವುದಿಲ್ಲವೆಂದೂ ಆತ ಹೇಳಿದನು. ಕಳ್ಳತನಕ್ಕೆ ವಿಧಿಸುತ್ತಿದ್ದ ಕಠೋರ ಶಿಕ್ಷೆಯೂ ಇದಕ್ಕೊಂದು ಕಾರಣವಾಗಿತ್ತು.

ಆದರೆ ಕಡಲು ಆತನಿಗೆ ಎರಡು ಬಾರಿ ಪಾಠ ಕಲಿಸಿತು. ಮೊದಲನೆಯದು ಕಲ್ಲಿಕೋಟೆಯಲ್ಲಿ. ಚೀನಾದ ಚಕ್ರವರ್ತಿಗೆ ಒಯ್ಯುತ್ತಿದ್ದ ಉಡುಗೊರೆಗಳು ಒಂದು ದೊಡ್ಡ ಹಡಗಿನಲ್ಲಿದ್ದವು; ಬತೂತನ ಸ್ವಂತ ಸಾಮಾನು ಮತ್ತು ಪರಿವಾರ ಮತ್ತೊಂದು ನೌಕೆಯಲ್ಲಿದ್ದವು. ಶುಕ್ರವಾರದ ನಮಾಝಿಗಾಗಿ ಆತ ದಡದಲ್ಲೇ ಉಳಿದಿದ್ದನು. ಬಿರುಗಾಳಿಗೆ ಸಿಲುಕಿ ದೊಡ್ಡ ಹಡಗು ಒಡೆದುಹೋಯಿತು. ಆತನ ಸಾಮಾನಿದ್ದ ನೌಕೆಯವರು ಇದನ್ನು ಕಂಡು, ಆತನಿಗಾಗಿ ಕಾಯದೆ ಹಾಯಿ ಬಿಚ್ಚಿ ಹೊರಟುಹೋದರು. ಸಕಲವನ್ನೂ ಒಂದೇ ಕಡೆ ತುಂಬಿಟ್ಟಿದ್ದ ರಾಯಭಾರಿಯ ಕೈಯಲ್ಲಿ ಕೊನೆಗೆ ಉಳಿದದ್ದು ಹತ್ತು ದೀನಾರ್ ಮತ್ತು ಮಲಗಲು ಹಾಸಿಕೊಳ್ಳುತ್ತಿದ್ದ ಒಂದು ಹಾಸು ಮಾತ್ರ.

ಎರಡನೆಯ ಪಾಠ ನಮ್ಮ ಊರಿನ ಮುಂದಿನ ಕಡಲಿನಲ್ಲೇ ನಡೆಯಿತು. ಮಾಲ್ದೀವ್ಸ್, ಸಿಂಹಳ ಮತ್ತು ತಮಿಳು ಕರಾವಳಿಯನ್ನು ಸುತ್ತಿ, ಕೆಲವು ವರ್ಷಗಳ ನಂತರ ಬತೂತ ಕೊಲ್ಲಂನಿಂದ ಹೊನ್ನಾವರಕ್ಕೆ ಹಡಗು ಹತ್ತಿದನು. ಬಾರ್ಕೂರಿಗೂ ಹೊನ್ನಾವರಕ್ಕೂ ನಡುವಿನ ಚಿಕ್ಕ ದ್ವೀಪವೊಂದರ ಬಳಿ 12 ಯುದ್ಧನೌಕೆಗಳ ಕಡಲ್ಗಳ್ಳರು ಮುತ್ತಿದರು. ಈ ದ್ವೀಪವನ್ನು ಇತಿಹಾಸಕಾರರು ಮುರುಡೇಶ್ವರದ ಎದುರಿನ ನೇತ್ರಾಣಿಯೆಂದು ಗುರುತಿಸುತ್ತಾರೆ. ಅದು ಬೈಂದೂರು ತಾಲೂಕಿನ ಉತ್ತರದ ಅಂಚಿನಿಂದ ಬಹಳ ದೂರವೇನಲ್ಲ. ಸಿಂಹಳದ ಅರಸ ಕೊಟ್ಟಿದ್ದ ಮುತ್ತು ಮಾಣಿಕ್ಯಗಳು, ಬಟ್ಟೆಬರೆ, ಸಜ್ಜನರು ಕೊಟ್ಟಿದ್ದ ಬುತ್ತಿ, ಆಪತ್ಕಾಲಕ್ಕೆಂದು ಕೂಡಿಟ್ಟಿದ್ದ ಸಮಸ್ತವೂ ಲೂಟಿಯಾಯಿತು. ಮೈಮೇಲೆ ಉಳಿದದ್ದು ಒಂದು ಷರಾಯಿ ಮಾತ್ರ. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿದ್ದ ಬರಹಗಳನ್ನು ಆತ ನಕಲು ಮಾಡಿಟ್ಟುಕೊಂಡಿದ್ದನು. ಭಾರತದ ಕಡಲಿನ ದರೋಡೆಯಲ್ಲಿ ಅವೂ ಹೋದವೆಂದು ಆತ ಬೇರೊಂದೆಡೆ ಸ್ಮರಿಸಿಕೊಳ್ಳುತ್ತಾನೆ. ಮುತ್ತು ಮಾಣಿಕ್ಯಗಳು ಬೇರೆಡೆ ಸಿಗಬಹುದು. ಬೇರೆ ಪ್ರತಿಯಿಲ್ಲದ ಬರಹವು ಒಮ್ಮೆ ಹೋದರೆ ಹೋದಂತೆಯೇ.

ದಡಕ್ಕೆ ಎಸೆಯಲ್ಪಟ್ಟ ಬತೂತ ಕಲ್ಲಿಕೋಟೆಗೆ ಮರಳಿ ಒಂದು ಮಸೀದಿಯನ್ನು ಹೊಕ್ಕನು. ಅಲ್ಲಿನ ಫಿಕ್‌ಹ್ ವಿದ್ವಾಂಸರೊಬ್ಬರು ನಿಲುವಂಗಿ ಕಳುಹಿಸಿದರು, ಖಾಝಿಯವರು ಮುಂಡಾಸು ಕೊಟ್ಟರು, ಒಬ್ಬ ವರ್ತಕ ಇನ್ನೊಂದು ನಿಲುವಂಗಿ ಕೊಟ್ಟನು. ಸೊತ್ತೆಲ್ಲ ಹೋದ ಮೇಲೂ ಕೈಹಿಡಿದದ್ದು ಪರಊರಿನ ಜಮಾಅತ್. ಝಕಾತಿಗೆ ಅರ್ಹರಾದ ಎಂಟು ವಿಭಾಗಗಳಲ್ಲಿ ದಾರಿಹೋಕನನ್ನೂ ಸೇರಿಸಿರುವುದರ ಹಿಂದಿನ ಯುಕ್ತಿ ಇಲ್ಲಿ ಸ್ಪಷ್ಟವಾಗುತ್ತದೆ. ಊರಿನಲ್ಲಿ ಸಿರಿವಂತನಾಗಿದ್ದವನೂ ದಾರಿಯಲ್ಲಿ ಒಂದೇ ಗಳಿಗೆಯಲ್ಲಿ ನಿರ್ಗತಿಕನಾಗಬಲ್ಲನು.

ಕಟ್ಟು, ಬರೆ, ನಂತರ ಭರವಸೆಯಿಡು

ಪ್ರಯಾಣಿಕನ ಸ್ವತ್ತಿನ ಬಗ್ಗೆ ಇಸ್ಲಾಮಿನ ಬೋಧನೆಗಳು ಅತ್ಯಂತ ವ್ಯಾವಹಾರಿಕವಾಗಿವೆ. ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವರಿಗೆ, ಮೊದಲು ಅದನ್ನು ಕಟ್ಟಿ ಆಮೇಲೆ ಭರವಸೆಯಿಡುವಂತೆ ಪ್ರವಾದಿ(ಸ)ಯವರು ತಿಳಿಸಿದ್ದು ತಿರ್ಮಿದಿಯ ವರದಿಯಲ್ಲಿದೆ. ತವಕ್ಕುಲ್ ಎಂದರೆ ಅಜಾಗ್ರತೆಯಲ್ಲ.

ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯವು ಸಾಲದ ವ್ಯವಹಾರವನ್ನು ಬರೆದಿಡಲು ಮತ್ತು ಸಾಕ್ಷಿಗಳನ್ನಿರಿಸಲು ಆದೇಶಿಸುತ್ತದೆ. ಅದರ ಮರು ವಚನದಲ್ಲೇ ಪ್ರಯಾಣದ ಪ್ರಸ್ತಾಪ ಬರುತ್ತದೆ: ದಾರಿಯಲ್ಲಿ ಬರಹಗಾರ ಸಿಗದಿದ್ದರೆ ವಸ್ತುವೊಂದನ್ನು ಒತ್ತೆಯಾಗಿ ವಶಕ್ಕೆ ಪಡೆಯಬಹುದು, ಪರಸ್ಪರ ನಂಬಿಕೆಯಿದ್ದರೆ, ನಂಬಲ್ಪಟ್ಟವನು ಅಮಾನತ್ತನ್ನು ಮರಳಿಸಲೇಬೇಕು. ಹಿಜ್‌ರಾದ ಸಂದರ್ಭದಲ್ಲಿ ಪ್ರವಾದಿ(ಸ)ಯವರು ಇದನ್ನು ಬಾಳಿ ತೋರಿಸಿದರು. ಮಕ್ಕಾದ ಜನರು ಅವರನ್ನು ವಿರೋಧಿಸುತ್ತಲೇ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇರಿಸುತ್ತಿದ್ದರು. ಜೀವಕ್ಕೆ ಅಪಾಯವಿದ್ದ ಆ ರಾತ್ರಿಯೂ, ಅವರವರ ಸ್ವತ್ತನ್ನು ಅವರವರಿಗೆ ಮರಳಿಸುವುದಕ್ಕಾಗಿ ಹಝ್ರತ್ ಅಲಿ(ರ)ಯವರನ್ನು ಮಕ್ಕಾದಲ್ಲಿ ಬಿಟ್ಟು ಹೊರಟರು.

ಹಜ್ಜ್‌ನ ವಿಷಯದಲ್ಲಂತೂ ನಮ್ಮ ಪೂರ್ವಿಕ ವಿದ್ವಾಂಸರು ಸೊಂಟದ ಪಟ್ಟಿಯ ಕುರಿತು ಕೂಡ ಚರ್ಚಿಸಿದ್ದಾರೆ. ಇಹ್ರಾಮಿನಲ್ಲಿರುವ ಪುರುಷನು ಹೊಲಿದ ಉಡುಪನ್ನು ಧರಿಸುವಂತಿಲ್ಲ. ಹಾಗಾದರೆ ಹಣದ ಚೀಲವನ್ನು ಸೊಂಟಕ್ಕೆ ಕಟ್ಟಬಹುದೇ? ಅರಬಿಯಲ್ಲಿ ಹಿಮ್ಯಾನ್ ಎನ್ನಲಾಗುವ ಈ ಚೀಲದ ಕುರಿತು ಕೇಳಿದಾಗ ಹಝ್ರತ್ ಆಯಿಶಾ(ರ)ರವರು, ಖರ್ಚಿನ ಹಣವನ್ನು ಭದ್ರಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲವೆಂದು ಹೇಳಿದ್ದಾಗಿ ವರದಿಯಾಗಿದೆ. ಇಂದು ಹಾಜಿಗಳು ಇಹ್ರಾಮಿನ ಮೇಲೆ ಬಿಗಿಯುವ ಜೇಬುಳ್ಳ ಬೆಲ್ಟಿಗೆ ಇಷ್ಟು ಹಳೆಯ ವಂಶಾವಳಿಯಿದೆ.

ಬರೆದಿಡುವ ಅಭ್ಯಾಸಕ್ಕೂ ನಮ್ಮ ಕರಾವಳಿಯಲ್ಲೇ ಸಾಕ್ಷ್ಯವಿದೆ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಎಂಬವನ ಕಾಗದಪತ್ರಗಳು ಈಜಿಪ್ಟಿನ ಕೈರೋದ ಯಹೂದಿ ಪ್ರಾರ್ಥನಾಲಯವೊಂದರಲ್ಲಿ ಉಳಿದುಕೊಂಡಿದ್ದವು. ಏಡನ್ ಮತ್ತು ಮಂಗಳೂರಿನ ನಡುವಿನ ಆ ಪತ್ರಗಳಲ್ಲಿ ಯಾವ ಸರಕು ಯಾರ ಹಡಗಿನಲ್ಲಿ ಬರುತ್ತಿದೆ, ಅದು ಯಾರಿಗೆ ಸೇರಬೇಕು ಎಂಬ ವಿವರಗಳಿವೆ. ಆ ಕಾಲದ ವರ್ತಕರು ಮುಖ್ಯವಾದ ಪತ್ರದ ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುತ್ತಿದ್ದರು, ಸರಕನ್ನೂ ಹಂಚುತ್ತಿದ್ದರು. ಮುಸ್ಲಿಮ್, ಯಹೂದಿ ಮತ್ತು ಹಿಂದೂ ವರ್ತಕರು ಪರಸ್ಪರರ ಮೇಲಿಟ್ಟಿದ್ದ ಭರವಸೆಯ ಮೇಲೆ ಈ ವ್ಯಾಪಾರ ನಿಂತಿತ್ತು. ಈ ಭರವಸೆಯ ಕೊಂಡಿ ಹಡಗಿನ ನಾಖುದಾ ಆಗಿದ್ದನು. ನಾವೆಯ ಒಡೆಯ ಎಂಬ ಅರ್ಥದ ಪರ್ಷಿಯನ್ ಪದವಿದು. ಗಂಗೊಳ್ಳಿ ಮತ್ತು ಶಿರೂರಿನ ಕಡೆ ನಾಖುದಾ ಎಂಬುದು ಇಂದಿಗೂ ಒಂದು ಸಮುದಾಯದ ಹೆಸರಾಗಿ ಉಳಿದಿದೆ. ಆ ಹೆಸರಿನಲ್ಲಿ ನೌಕಾಯಾನದ ಹೆಮ್ಮೆಯ ಜೊತೆಗೆ ಪರರ ಸ್ವತ್ತಿನ ಹೊಣೆ ಹೊತ್ತವರ ನೆನಪೂ ಇದೆಯೆಂದು ನಾವು ಭಾವಿಸುತ್ತೇವೆ.

ಕಾಗದದ ಬಲ ಮತ್ತು ಅದರ ಮಿತಿ

ನಮ್ಮ ಕಡಲಿನಲ್ಲಿ ಪ್ರಯಾಣಕ್ಕೆ ಕಾಗದದ ಪರವಾನಗಿಯನ್ನು ಬಲವಂತವಾಗಿ ಹೇರಿದವರು ಪೋರ್ಚುಗೀಸರು. 16ನೇ ಶತಮಾನದ ಆರಂಭದಿಂದ ಅವರು ಕಾರ್ತಾಜ್ ಎಂಬ ಪತ್ರವನ್ನು ಕಡ್ಡಾಯಗೊಳಿಸಿದರು. ಕಾಗದ ಎಂಬ ಅರ್ಥದ ಅರಬಿಯ ಕಿರ್ತಾಸ್ ಎಂಬ ಪದದಿಂದ ಇದು ಬಂದಿದೆಯೆಂದು ಹೇಳಲಾಗುತ್ತದೆ. ಹಡಗಿನ ಹೆಸರು, ನಾಖುದಾನ ಹೆಸರು, ಹಡಗಿನ ಗಾತ್ರ, ಅದರಲ್ಲಿರುವ ಆಯುಧಗಳು, ತಲುಪಬೇಕಾದ ಬಂದರು ಮುಂತಾದವು ಅದರಲ್ಲಿರುತ್ತಿದ್ದವು. ಅದಿಲ್ಲದ ಹಡಗನ್ನು ಸರಕಿನ ಸಮೇತ ವಶಪಡಿಸಿಕೊಳ್ಳುತ್ತಿದ್ದರು. ತಮ್ಮದೇ ಕಡಲಿನಲ್ಲಿ ಸಾಗಲು ಇಲ್ಲಿನ ವರ್ತಕರು ಪರಕೀಯರ ಕಾಗದ ಕೊಳ್ಳಬೇಕಾಯಿತು. ಅಕ್ಕಿ ವ್ಯಾಪಾರದಿಂದ ಸಂಪನ್ನವಾಗಿದ್ದ ಬಸ್ರೂರಿನ ಮೇಲೂ ಅವರ ಕಣ್ಣು ಬಿದ್ದು, 1569ರಲ್ಲಿ ಅಲ್ಲಿನ ಕೋಟೆ ಅವರ ಕೈಸೇರಿತು. 1665ರಲ್ಲಿ ಶಿವಾಜಿಯ ನೌಕಾಪಡೆ ಬಂದು ಅದೇ ಬಸ್ರೂರನ್ನು ಲೂಟಿ ಮಾಡಿತು.

ಕಾಗದವಿದ್ದ ಮಾತ್ರಕ್ಕೆ ರಕ್ಷಣೆಯಿದೆಯೇ? ಬಾದಶಹ ಜಹಾಂಗೀರನ ತಾಯಿ ಮರ್ಯಮುಝ್ಝಮಾನಿಯವರಿಗೆ ಸೇರಿದ ರಹೀಮಿ ಎಂಬ ದೊಡ್ಡ ಹಡಗು ಹಜ್ಜ್ ಯಾತ್ರಿಕರನ್ನು ಕೊಂಡೊಯ್ಯುತ್ತಿತ್ತು. ಅದರ ಬಳಿ ಕ್ರಮಬದ್ಧವಾದ ಕಾರ್ತಾಜ್ ಇತ್ತು. ಹಾಗಿದ್ದೂ 1613ರಲ್ಲಿ ಪೋರ್ಚುಗೀಸರು ಅದನ್ನು ಸೂರತ್ ಬಳಿ ವಶಪಡಿಸಿಕೊಂಡು ಪ್ರಯಾಣಿಕರ ಸಮೇತ ಗೋವೆಗೆ ಒಯ್ದರು. ಕೊಟ್ಟವನ ಮಾತಿಗೆ ಬೆಲೆಯಿದ್ದಷ್ಟೇ ಕಾಗದಕ್ಕೆ ಬೆಲೆ. ಬಾರ್ಕೂರಿನ ಅರಸ ಯಾವ ಕಾಗದವನ್ನೂ ಕೊಡದೆ ಮಗನನ್ನು ಕಳುಹಿಸಿದನು. ಪೋರ್ಚುಗೀಸರು ಕಾಗದ ಕೊಟ್ಟು ಮಾತು ಮುರಿದರು.

ಹಜ್ಜ್ ಹಡಗಿನ ಕಾಲ

ಮೊದಲ ಮಹಾಯುದ್ಧದ ಕಾಲದಲ್ಲಿ ಲೋಕದೆಲ್ಲೆಡೆ ಗಡಿಗಳು ಬಿಗಿಯಾದವು. ಭಾರತದಲ್ಲಿ 1920ರ ಕಾಯ್ದೆಯು ದೇಶದೊಳಕ್ಕೆ ಬರುವವರಿಗೆ ಪಾಸ್‌ಪೋರ್ಟ್ ಬೇಕೆಂಬ ನಿಯಮಕ್ಕೆ ತಳಹದಿ ಹಾಕಿತು. ಹಜ್ಜ್ ಯಾತ್ರಿಕರಿಗೆ ಮಾತ್ರ ಪ್ರತ್ಯೇಕವಾದ ಹಜ್ಜ್ ಪಾಸ್ ಬಹುಕಾಲ ನಡೆಯಿತು. ಕರಾವಳಿಯ ಹಾಜಿಗಳು ಮುಂಬಯಿಗೆ ಹೋಗಿ, ಅಲ್ಲಿನ ಸಾಬೂ ಸಿದ್ದೀಕ್ ಮುಸಾಫಿರ್‌ಖಾನಾದಂತಹ ತಂಗುದಾಣಗಳಲ್ಲಿದ್ದು, ಮುಘಲ್ ಲೈನ್ ಕಂಪೆನಿಯ ಹಡಗುಗಳಲ್ಲಿ ಜಿದ್ದಾಕ್ಕೆ ಪ್ರಯಾಣ ಮಾಡುತ್ತಿದ್ದರು. ಕಬ್ಬಿಣದ ಟ್ರಂಕಿನಲ್ಲಿ ಅಕ್ಕಿ, ಬೇಳೆ, ಉಪ್ಪಿನಕಾಯಿ, ಸೊಂಟದಲ್ಲಿ ಹಣ, ಎದೆಯ ಬಳಿಯ ಜೇಬಿನಲ್ಲಿ ಪಾಸ್. ಮುಂಬಯಿ ಮತ್ತು ಜಿದ್ದಾ ನಡುವಿನ ಈ ಸಮುದ್ರಯಾನ 1995ರ ಹೊತ್ತಿಗೆ ನಿಂತಿತು. 2009ರ ಹಜ್ಜ್‌ನಿಂದ ಸೌದಿ ಸರಕಾರವು ಎಲ್ಲ ಯಾತ್ರಿಕರಿಗೂ ಅಂತಾರಾಷ್ಟ್ರೀಯ ಪಾಸ್‌ಪೋರ್ಟನ್ನು ಕಡ್ಡಾಯಗೊಳಿಸಿದಾಗ ಹಜ್ಜ್ ಪಾಸ್ ಕೂಡ ಇತಿಹಾಸವಾಯಿತು. ಅನೇಕ ವೃದ್ಧರು, ವಿಶೇಷವಾಗಿ ಮಹಿಳೆಯರು, ಬಾಳಿನಲ್ಲಿ ಮೊದಲ ಬಾರಿ ಪಾಸ್‌ಪೋರ್ಟ್ ಮಾಡಿಸಿಕೊಂಡದ್ದು ಆ ಬಳಿಕವೇ.

ಹಣದ ಕಥೆಯೂ ಸ್ವಾರಸ್ಯಕರವಾಗಿದೆ. ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ಒಂದು ಕಾಲದಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಚಿನ್ನದ ಕಳ್ಳಸಾಗಣೆಯ ಮೂಲಕ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟುಗಳನ್ನು ಹೊರತಂದಿತು. ಹಾಜಿಗಳಿಗಾಗಿ 10 ಮತ್ತು 100 ರೂಪಾಯಿಗಳ ವಿಶೇಷ ಹಜ್ಜ್ ನೋಟುಗಳೂ ಬಂದವು. 1966ರಲ್ಲಿ ರೂಪಾಯಿಯ ಅಪಮೌಲ್ಯವಾದ ಬಳಿಕ ಕೊಲ್ಲಿಯಲ್ಲಿ ರೂಪಾಯಿಯ ಬಳಕೆ ಬೇಗನೆ ಕೊನೆಗೊಂಡಿತು. ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ನೋಟಿನ ಬೆಲೆಯೂ ಭದ್ರವಾಗಿರುತ್ತದೆಯೆಂಬ ಖಾತರಿ ಯಾರಿಗೂ ಇಲ್ಲ.

ಪಾಸ್‌ಪೋರ್ಟ್ ಯಾರ ಸ್ವತ್ತು?

ವಿದೇಶ ಪ್ರಯಾಣವು ಸಂವಿಧಾನದ 21ನೇ ವಿಧಿಯಲ್ಲಿ ಹೇಳಲಾದ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1967ರ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಜಾರಿಗೆ ಬಂತು. ಆ ಕಾಯ್ದೆಯ 17ನೇ ಸೆಕ್ಷನ್ ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಅದರ ಪ್ರಕಾರ ಪಾಸ್‌ಪೋರ್ಟ್ ಎಲ್ಲ ಕಾಲದಲ್ಲೂ ಕೇಂದ್ರ ಸರಕಾರದ ಸ್ವತ್ತು. ಅದರಲ್ಲಿ ನಮ್ಮ ಹೆಸರು, ನಮ್ಮ ಭಾವಚಿತ್ರ ಇದ್ದರೂ ನಾವು ಅದರ ಒಡೆಯರಲ್ಲ. ಅದು ದೇಶವು ನಮ್ಮ ಕೈಗೆ ಒಪ್ಪಿಸಿದ ಅಮಾನತ್ತು.

ಇದರಿಂದ ಒಂದು ಮುಖ್ಯ ವಿಷಯ ತಾನಾಗಿ ಹೊರಡುತ್ತದೆ. ಒತ್ತೆಯಿಡಬೇಕಾದರೆ ವಸ್ತುವು ಒತ್ತೆಯಿಡುವವನದಾಗಿರಬೇಕು, ಇಲ್ಲವೇ ಒಡೆಯನ ಅನುಮತಿಯಿರಬೇಕು. ಪಾಸ್‌ಪೋರ್ಟ್ ನಮ್ಮದಲ್ಲವೆಂದ ಮೇಲೆ ಸಾಲಕ್ಕೆ, ವೀಸಾದ ಬಾಕಿ ಹಣಕ್ಕೆ, ಕೆಲಸ ಬಿಟ್ಟು ಹೋಗದಿರಲು ಎಂಬ ಕಾರಣಕ್ಕೆ ಅದನ್ನು ಒತ್ತೆಯಾಗಿ ಕೊಡುವುದೂ ತೆಗೆದುಕೊಳ್ಳುವುದೂ ಸರಿಯಾಗದು. ಹಾಗಿದ್ದರೂ ಕೊಲ್ಲಿಗೆ ಹೋದ ನಮ್ಮ ಯುವಕರು ವಿಮಾನದಿಂದ ಇಳಿದ ದಿನವೇ ಪಾಸ್‌ಪೋರ್ಟನ್ನು ಕಫೀಲನ ಕೈಗೆ ಕೊಟ್ಟು, ವರ್ಷಗಟ್ಟಲೆ ಅದರ ಮುಖ ಕಾಣದೆ ದುಡಿದದ್ದುಂಟು. ಕಫೀಲ್ ಎಂಬ ಪದಕ್ಕೆ ಫಿಕ್‌ಹ್‌ನಲ್ಲಿ ಹೊಣೆ ಹೊರುವವನು, ಜಾಮೀನುದಾರ ಎಂಬ ಅರ್ಥವಿದೆ. ಹೊಣೆ ಹೊರಬೇಕಾದವನೇ ಒತ್ತೆ ಹಿಡಿಯುವುದು ಆ ಪದಕ್ಕೆ ಎಸಗುವ ಅನ್ಯಾಯ. ಕಾನೂನುಗಳೂ ಈ ಪದ್ಧತಿಯ ವಿರುದ್ಧ ನಿಂತಿವೆ. ವಾಸ ಪರವಾನಗಿಯ ಕೆಲಸ ಮುಗಿದೊಡನೆ ಪಾಸ್‌ಪೋರ್ಟನ್ನು ನೌಕರನಿಗೆ ಮರಳಿಸಬೇಕೆಂದು ಕತಾರಿನ 2015ರ ಕಾನೂನು ಹೇಳುತ್ತದೆ. ನೌಕರರ ಅಧಿಕೃತ ದಾಖಲೆಗಳನ್ನು ತಡೆಹಿಡಿಯುವುದನ್ನು ಯುಎಇಯ 2021ರ ಕಾರ್ಮಿಕ ಕಾನೂನು ನಿಷೇಧಿಸಿದೆ. ನಮ್ಮವರೇ ಅಲ್ಲಿ ಅಂಗಡಿ, ಹೋಟೆಲುಗಳ ಯಜಮಾನರಾಗಿದ್ದರೆ, ಊರಿನ ಹುಡುಗನ ಪಾಸ್‌ಪೋರ್ಟನ್ನು ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿಡುವ ಮುನ್ನ ಅಮಾನತ್ತಿನ ಕುರಿತ ಆಜ್ಞೆಯನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು.

ಇದರ ಪರಿಣಾಮ ಎಷ್ಟು ಘೋರವಾಗಬಹುದೆಂಬುದನ್ನು 1990 ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಮಾಲಕರು ಪಲಾಯನ ಮಾಡಿದಾಗ ಅವರ ವಶದಲ್ಲಿದ್ದ ಪಾಸ್‌ಪೋರ್ಟುಗಳು ಅನೇಕ ನೌಕರರ ಕೈತಪ್ಪಿದವು. ಕುವೈತಿ ದೀನಾರಿನ ಚಲಾವಣೆಯನ್ನು ಇರಾಕ್ ರದ್ದುಗೊಳಿಸಿದಾಗ ವರ್ಷಗಳ ಉಳಿತಾಯ ಕಾಗದದ ಚೂರಿನಂತಾಯಿತು. ಸುಮಾರು 1,70,000 ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ನಗರದ ಮೂಲಕ ವಿಮಾನಗಳಲ್ಲಿ ತಾಯ್ನಾಡಿಗೆ ಕರೆತರಲಾಯಿತು. ಕೈಯಲ್ಲಿ ದಾಖಲೆಯಿಲ್ಲದವರಿಗೆ ರಾಯಭಾರ ಕಚೇರಿಯೇ ಆಸರೆಯಾಯಿತು. ಷರಾಯಿಯೊಂದಿಗೆ ದಡ ಸೇರಿದ ಬತೂತನ ಕಥೆ ಆರು ಶತಮಾನಗಳ ಬಳಿಕ ಲಕ್ಷಾಂತರ ಜನರ ಕಥೆಯಾಯಿತು.

ಇತಿಹಾಸದಿಂದ ನಮ್ಮ ಮನೆಗೆ

ಈ ಎಲ್ಲ ಘಟನೆಗಳಿಂದ ನಾವು ಕಲಿಯಬೇಕಾದುದು ಸರಳವಾಗಿದೆ. ಕಲ್ಲಿಕೋಟೆಯ ಬಿರುಗಾಳಿಯ ಪಾಠ: ಎಲ್ಲವನ್ನೂ ಒಂದೇ ಕಡೆ ಇಡಬಾರದು. ಹಣವನ್ನು ಎರಡು ಮೂರು ಕಡೆ ಹಂಚಿಡಬೇಕು. ಪಾಸ್‌ಪೋರ್ಟ್, ಆಭರಣ ಮತ್ತು ಅಗತ್ಯ ಔಷಧವನ್ನು ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಎಂದೂ ಹಾಕದೆ, ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಕುಟುಂಬ ಸಮೇತ ಹೊರಟಾಗ ಎಲ್ಲರ ಪಾಸ್‌ಪೋರ್ಟುಗಳನ್ನು ಒಬ್ಬರದೇ ಚೀಲದಲ್ಲಿ ತುಂಬುವ ರೂಢಿ ನಮ್ಮಲ್ಲಿದೆ. ಆ ಒಂದು ಚೀಲ ಹೋದರೆ ಇಡೀ ಕುಟುಂಬ ಕಂಗಾಲಾಗುತ್ತದೆ. ಮದುವೆಯ ಒಡವೆಗಳನ್ನು ಪ್ರಯಾಣದಲ್ಲಿ ಮೈತುಂಬ ಧರಿಸುವುದರಿಂದ ಗೌರವ ಹೆಚ್ಚುವುದಿಲ್ಲ, ಆತಂಕ ಹೆಚ್ಚುತ್ತದೆ.

ಬುಖಾರಾದ ಬರಹಗಳ ಪಾಠ: ಪ್ರತಿಯಿಲ್ಲದ ದಾಖಲೆ ಅರ್ಧ ಕಳೆದುಹೋದಂತೆಯೇ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಟಿಕೆಟ್ ಮತ್ತು ವಾಸದ ಕಾರ್ಡಿನ ಒಂದು ಪ್ರತಿ ಊರಿನ ಮನೆಯಲ್ಲಿರಲಿ, ಒಂದು ಸೂಟ್‌ಕೇಸಿನಲ್ಲಿರಲಿ, ಒಂದು ಚಿತ್ರ ಮೊಬೈಲಿನಲ್ಲಿರಲಿ. ಪಾಸ್‌ಪೋರ್ಟಿನ ಸಂಖ್ಯೆಯನ್ನು ಮನೆಯ ಇನ್ನೊಬ್ಬರೂ ಬರೆದಿಟ್ಟುಕೊಂಡಿರಲಿ. ಒಂದು ವೇಳೆ ಕಳೆದುಹೋದರೆ ತಡಮಾಡದೆ ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ ಭಾರತದ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಗೆ ಹೋಗಬೇಕು. ಅಲ್ಲಿ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸಬಹುದು. ತುರ್ತಾಗಿ ಊರಿಗೆ ಮರಳಬೇಕಾದವರಿಗೆ ಒಂದೇ ಪ್ರಯಾಣಕ್ಕೆ ಸಲ್ಲುವ ತುರ್ತು ಪ್ರಮಾಣಪತ್ರ ಸಿಗುತ್ತದೆ. ಕೊಲ್ಲಿಯ ನಮ್ಮವರು ಇದನ್ನು ಔಟ್‌ಪಾಸ್ ಎನ್ನುತ್ತಾರೆ. ಹಿಂದಿನ ಪಾಸ್‌ಪೋರ್ಟಿನ ಪ್ರತಿ ಕೈಯಲ್ಲಿದ್ದರೆ ಈ ಕೆಲಸಗಳು ಬಹಳ ಸುಗಮವಾಗುತ್ತವೆ.

ಹಜ್ಜ್‌ನ ವ್ಯವಸ್ಥೆ ಮಾತ್ರ ಬೇರೆ ರೀತಿಯದು. ಯಾತ್ರಿಕರ ಪಾಸ್‌ಪೋರ್ಟುಗಳನ್ನು ಮುಅಲ್ಲಿಮರ ಕಚೇರಿಯು ತೆಗೆದಿರಿಸಿ ಮರಳುವಾಗ ಕೊಡುವುದು ಅಲ್ಲಿನ ಹಳೆಯ ಕ್ರಮ. ಆಗ ಕೈಯ ಬಳೆ ಮತ್ತು ಗುರುತಿನ ಚೀಟಿಯೇ ಹಾಜಿಯ ಪಾಸ್‌ಪೋರ್ಟ್. ಸ್ನಾನಕ್ಕೆ, ವುಝೂವಿಗೆ ಹೋಗುವಾಗ ಅವುಗಳನ್ನು ತೆಗೆದಿಟ್ಟು ಮರೆಯಬಾರದು. ತವಾಫ್‌ನ ಜನಸಂದಣಿಗೆ ಅಗತ್ಯಕ್ಕಿಂತ ಹೆಚ್ಚು ಹಣ ಒಯ್ಯಬಾರದು.

ಲೂಲಾನ ಪಾಠವೂ ಒಂದಿದೆ. ಇಂದಿನ ಲೂಲಾ ಯುದ್ಧನೌಕೆಯಲ್ಲಿ ಬರುವುದಿಲ್ಲ. ವಿಮಾನ ನಿಲ್ದಾಣದ ಸಾಲಿನಲ್ಲಿ ಸಲಾಮ್ ಹೇಳಿ, ತನ್ನ ಸಂಬಂಧಿಕರಿಗೆ ಕೊಡಲು ಒಂದು ಚಿಕ್ಕ ಪೊಟ್ಟಣವಿದೆಯೆಂದು ನಯವಾಗಿ ಬರುತ್ತಾನೆ. ಊರಿನವರ ಹಲ್ವ, ಒಣಮೀನು, ಔಷಧಗಳನ್ನು ಕೊಂಡೊಯ್ಯುವುದು ನಮ್ಮಲ್ಲಿನ ಸುಂದರವಾದ ರೂಢಿಯೇ ಆಗಿದೆ. ಆದರೆ ತೆರೆದು ನೋಡದ ಪೊಟ್ಟಣವನ್ನು ಅಮಾನತ್ತೆಂದು ಸ್ವೀಕರಿಸುವ ಬಾಧ್ಯತೆ ನಮಗಿಲ್ಲ. ಅದರೊಳಗೆ ಮಾದಕ ವಸ್ತು ಸಿಕ್ಕಿಬಿದ್ದರೆ, ಕೊಟ್ಟವನಲ್ಲ, ಹೊತ್ತವನು ಸೆರೆಮನೆ ಸೇರುತ್ತಾನೆ. ಊರಿನಲ್ಲಿ ವೈದ್ಯರು ಬರೆದುಕೊಟ್ಟ ಕೆಲವು ಔಷಧಗಳು ಕೂಡ ಕೊಲ್ಲಿಯಲ್ಲಿ ನಿರ್ಬಂಧಿತವಾಗಿವೆ; ಚೀಟಿಯಿಲ್ಲದೆ ಅವುಗಳನ್ನು ಒಯ್ಯಬಾರದು. ಪರಿಚಯದವರದೇ ಆದರೂ ಮುಂದೆಯೇ ಬಿಚ್ಚಿ ನೋಡಿ ಕಟ್ಟುವುದರಲ್ಲಿ ಮುಲಾಜು ಬೇಡ. ಒಪ್ಪಿಕೊಂಡ ಮೇಲೆ ನಿಭಾಯಿಸಲೇಬೇಕಾದುದು ಅಮಾನತ್ತು; ಆದುದರಿಂದ ಒಪ್ಪಿಕೊಳ್ಳುವ ಮುಂಚೆ ತಿಳಿದುಕೊಳ್ಳುವುದು ಅದರ ಮೊದಲ ಹೆಜ್ಜೆ.

ಪ್ರವಾದಿ(ಸ)ಯವರು ಪ್ರಯಾಣಿಕನನ್ನು ಬೀಳ್ಕೊಡುವಾಗ ಮಾಡುತ್ತಿದ್ದ ಪ್ರಾರ್ಥನೆಯಲ್ಲಿ ಮೂರು ವಿಷಯಗಳನ್ನು ಅಲ್ಲಾಹನ ವಶಕ್ಕೆ ಒಪ್ಪಿಸುತ್ತಿದ್ದರು: ಆತನ ಧರ್ಮ, ಆತನ ಅಮಾನತ್ತು ಮತ್ತು ಆತನ ಕರ್ಮಗಳ ಅಂತ್ಯ. ಇಲ್ಲಿನ ಅಮಾನತ್ತು ಎಂಬುದು ಊರಿನಲ್ಲಿ ಬಿಟ್ಟುಹೋಗುವ ಕುಟುಂಬ ಮತ್ತು ಸಂಪತ್ತನ್ನೂ ಒಳಗೊಳ್ಳುತ್ತದೆಯೆಂದು ವಿದ್ವಾಂಸರು ವಿವರಿಸಿದ್ದಾರೆ. ಧರ್ಮ ಮತ್ತು ಅಂತ್ಯದ ನಡುವೆ ಅಮಾನತ್ತನ್ನು ಇರಿಸಿದ ಈ ಪ್ರಾರ್ಥನೆಯನ್ನು ನಮ್ಮ ಮನೆಗಳ ಹೊಸ್ತಿಲಲ್ಲಿ ಮತ್ತೆ ಜೀವಂತಗೊಳಿಸೋಣ. ಒಂಟೆಯನ್ನು ಕಟ್ಟಿ, ಲೆಕ್ಕವನ್ನು ಬರೆದಿಟ್ಟು, ಪರರ ಸ್ವತ್ತನ್ನು ಪರರಿಗೆ ಮರಳಿಸಿ ಹೊರಡುವವನ ಪ್ರಯಾಣ ಹಗುರವಾಗಿರುತ್ತದೆ.

ಪರದೇಶದಲ್ಲಿ ದುಡಿಯುವ ನಮ್ಮೆಲ್ಲ ಸಹೋದರ ಸಹೋದರಿಯರ ಜೀವ, ಮಾನ ಮತ್ತು ಸ್ವತ್ತುಗಳನ್ನು ಅಲ್ಲಾಹನು ಕಾಪಾಡಲಿ. ಒಪ್ಪಿಸಲ್ಪಟ್ಟದ್ದನ್ನು ಒಡೆಯರಿಗೆ ತಲುಪಿಸುವ ಸೌಭಾಗ್ಯವನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.